ಬತ್ತಿ ಸಾಹೇಬನ ಚೀಟಿ

ರಾಬರ್ಟ್‌ಸನ್‌ಪೇಟೆಯ ದಿನಸಿ ಅಂಗಡಿಗೆ
ತಕ್ಕಡಿಗೆ ಮೊಹರು ಹಾಕಲು ಹೋದವಳು ನಾನು,
ವರ್ಷ ವರ್ಷ ಹೋಗುವಂತೆ.
ಎಡತಟ್ಟೆ ಎರಡು ಗ್ರಾಂ ಹೆಚ್ಚು ಜಗ್ಗುತ್ತಿತ್ತು.
ಮಾತು ಮರೆಸಲು ನಾಗಭೂಷಣಂ
ಅಟ್ಟದಿಂದ ಮುತ್ತಜ್ಜನ ಕಡತ ಇಳಿಸಿದ:
"ಇದೇನೂಂತ ಓದಿ ಹೇಳಿ ಮೇಡಂ, ಓದಿದವರು ನೀವು."

ಇಲಿ ಕಡಿದ ಅಂಚು, ಸೀಮೆಎಣ್ಣೆಯ ವಾಸನೆ,
ನಡುವೆ ಗುಂಡುಸೂಜಿ ಚುಚ್ಚಿದ ಏಳು ಚೀಟಿ.
ಪೆನ್ಸಿಲ್ಲು. ಇಂಗ್ಲಿಷಿನ ಅಕ್ಷರ, ಆದರೆ ಇಂಗ್ಲಿಷಲ್ಲ.
ಪಕ್ಕದಲ್ಲಿ ಆದಿಮೂರ್ತಿ ಶೆಟ್ಟರ ದುಂಡು ತೆಲುಗು,
ಮೇಲೆ ಗಿರಾಕಿಯ ಹೆಸರು: ಬತ್ತಿ ಸಾಹೇಬ.
ಬತ್ತಿಸ್ತ ಇದ್ದಿರಬೇಕು. ಚಿನ್ನದ ಗಣಿಯೊಳಗೆ
ಬಂಡೆ ಕುಸಿಯದಂತೆ ಮರದ ಆಸರೆ ಕೊಡಲು
ಇಟಲಿಯಿಂದ ಬಂದವನು.

ನಿಘಂಟು ತಂದೆ. ನಿಘಂಟು ಬಾಯಿ ಬಿಡಲಿಲ್ಲ.
ಹತ್ತು ಪದದಲ್ಲಿ ಎಂಟು ಅದರ ಮನೆಯವಲ್ಲ.

ಚಾಂಪಿಯನ್ ರೀಫಿನ ಸಿಸ್ಟರ್ ಇರುದಯ ಮೇರಿ
ಟ್ಯೂರಿನ್ನಿನ ವೃದ್ಧಾಶ್ರಮವೊಂದರಲ್ಲಿ
ಆರು ವರ್ಷ ತರಕಾರಿ ಹೆಚ್ಚಿದವರು.
ಕನ್ನಡಕ ಹುಡುಕುತ್ತಲೇ ಅಂದರು:
"ಪುಸ್ತಕದ ಭಾಷೆಯಲ್ಲಮ್ಮ ಇದು, ಅಲ್ಲಿನ ಮುದುಕಿಯರ ಬಾಯಿ.
ಕಣ್ಣಲ್ಲಿ ಓದಬೇಡ. ಜೋರಾಗಿ ಹೇಳು."

ಅಯ್, ಅಂದೆ, ಈಳಿಗೆ ತಗುಲಿದವಳಂತೆ.
"ಬೆಳ್ಳುಳ್ಳಿ."
ಸಿಯುಲ. "ಈರುಳ್ಳಿ."
ರಿಸ್. ಅದು ನನಗೂ ತಿಳಿಯಿತು.

ಪಾನ್. ಬ್ರೆಡ್ಡು ಕೇಳಿದ್ದಾನೆ, ಪಾಪ.
ಅವನು ಓದಿ ಹೇಳಿದ್ದಾನೆ, ಶೆಟ್ಟರು ಕೇಳಿದ್ದಾರೆ,
ಬರೆದಿದ್ದಾರೆ: ಎಲೆ ಒಂದು ಕಟ್ಟು, ಅಡಿಕೆ ಚಟಾಕು.
ಲೈತ್ ಅಂದರೆ ಹಾಲು.
ಶೆಟ್ಟರ ಕಿವಿಗೆ ಅದು ಲೈಟು:
ಮೇಣದ ಬತ್ತಿ, ಒಂದು ಡಜನ್.
ಮೊದಲ ಮೂರು ಚೀಟಿಗೂ ಮೇಣದ ಬತ್ತಿ.
"ಹೆಸರು ಹೀಗೆ ಬಂತೇನೋ" ಎಂದು ನಕ್ಕ ಸಿಸ್ಟರ್
ಅರ್ಧದಲ್ಲೇ ನಿಲ್ಲಿಸಿದರು.
"ಹಾಲು ಯಾರಿಗೆ?"

ನಾಲ್ಕನೆಯದರಲ್ಲಿ ಆ ಪದವಿಲ್ಲ.
ಆಡೊಂದಿದೆ, ಬರದ ಕೈ ಬಿಡಿಸಿದ್ದು,
ಕಾಲು ಮೂರೇ, ಕೆಚ್ಚಲು ಮಾತ್ರ ಆಡಿಗಿಂತ ದೊಡ್ಡದು.
ಪಕ್ಕದಲ್ಲಿ ಶೆಟ್ಟರು: ಪಾಲು, ಅರ್ಧ ಸೇರು.
ಅವರ ಮನೆಮಾತಿನಲ್ಲಿ ಹಾಲು,
ನನ್ನದರಲ್ಲಿ ಭಾಗ.
ಬೆಲೆಯ ಅಂಕಣ ಖಾಲಿ ಬಿಟ್ಟಿದ್ದಾರೆ.

ಮೆಲಿಯ: ಮೆಕ್ಕೆಜೋಳದ ಹಿಟ್ಟು.
"ಕುದಿಯೋ ನೀರಿಗೆ ಸುರಿದು ಕೋಲಲ್ಲಿ ತಿರುವಬೇಕು,
ರಟ್ಟೆ ಬಿದ್ದುಹೋಗೋ ತನಕ."
ಸಿಸ್ಟರ್ ಕೈ ಗಾಳಿಯಲ್ಲಿ ತಿರುವಿತು,
ನಮ್ಮವ್ವ ಮುದ್ದೆ ತೊಳಸುವಾಗ ಮೊಣಕೈ ಎತ್ತುತ್ತಿದ್ದಂತೆಯೇ.
ಶೆಟ್ಟರು ಕೊಟ್ಟದ್ದು ರಾಗಿ ಹಿಟ್ಟು, ಎರಡು ಸೇರು.
ಮುಂದಿನ ಚೀಟಿಯಲ್ಲಿ ಜಗಳದ ಗುರುತಿಲ್ಲ,
ಪದಕ್ಕೊಂದು ಬಾಲ ಬಂದಿದೆ: ಮೆಲಿಯ ನೇಯ್ರ.
"ಕಪ್ಪು ಜೋಳ? ಅಂಥದು ಅಲ್ಲಿ ಇಲ್ವಲ್ಲ."
ಅಲ್ಲಿಲ್ಲ. ಇಲ್ಲಿ, ಈ ಗಲ್ಲಾಪೆಟ್ಟಿಗೆಯ ಮುಂದೆ ಹುಟ್ಟಿ
ಒಂದೇ ಅಂಗಡಿಯಲ್ಲಿ ಚಲಾವಣೆಯಾದ ನಾಣ್ಯ ಅದು.
ಆರನೆಯ ಚೀಟಿಯ ಎರಡು ಪದ ನಮ್ಮಿಬ್ಬರಿಗೂ ದಕ್ಕಲಿಲ್ಲ.

ಏಳನೆಯದರಲ್ಲಿ ಬರೀ ಒಂದು: ಸಾಲ್.
"ಉಪ್ಪು," ಅಂದರು ಸಿಸ್ಟರ್, ಅನುಮಾನವೇ ಇಲ್ಲದೆ.
ಆದರೆ ಕೋಲಾರದ ಸೀಮೆಯಲ್ಲಿ ಅಂಗಡಿಗೆ ಬಂದು
ಸಾಲ್ ಅಂದರೆ ಏನು ಕೇಳಿಸೀತು?
ಶೆಟ್ಟರು ಬರೆದದ್ದರಲ್ಲಿ ಉಳಿದದ್ದು ಬರೀ 'ಪ್ಪು'.
ತೆಲುಗಿನಲ್ಲಿ ಉಪ್ಪು ಎಂದರೆ ಉಪ್ಪೇ,
ಅಪ್ಪು ಎಂದರೆ ಸಾಲ.
ಮೊದಲಕ್ಷರ ಇಲಿಯ ಪಾಲು.

ಮುಂದೆ ಎರಡಾಣೆ ಎಂದಿದೆ. ಗೀಟು ಎಳೆದಿಲ್ಲ.
ಉಪ್ಪಿಗೆ ಹೆಚ್ಚಾಯಿತು,
ಸಾಲಕ್ಕೆ ಕಡಿಮೆ.

ಕಡತ ಹಿಂದಿರುಗಿಸುವಾಗ ನಾಗಭೂಷಣಂ ಕೇಳಿದ:
"ಏನಿತ್ತು ಮೇಡಂ, ಬಂಗಾರದ ವಿಷಯವೇ?"
ಹಿಟ್ಟು, ಬೆಳ್ಳುಳ್ಳಿ, ಹಾಲು ಅಂದೆ.
ಮುಖ ಸಣ್ಣದು ಮಾಡಿಕೊಂಡ.
ಎಡತಟ್ಟೆಯ ಎರಡು ಗ್ರಾಮಿಗೆ ನೋಟಿಸು ಬರೆದು
ಸಹಿ ಹಾಕಿದೆ. ತಾರೀಖು ಹಾಕುವಾಗ
ಪೆನ್ನು ಯಾಕೋ ಸ್ವಲ್ಪ ತಡೆಯಿತು.