ತಿದ್ದುಪಡಿ

ಹೋದ ಸಂಚಿಕೆಯ ಎರಡನೇ ಕಾಲಮ್ಮಿನಲ್ಲಿ
'ಬೆರಳಿಲ್ಲದವರ ಬೀದಿ' ಎಂಬ ತಲೆಬರಹದಡಿ
ಬಂದ ವರದಿಯಲ್ಲಿ ಕೆಲವು ತಪ್ಪುಗಳು ನುಸುಳಿವೆ.

ನುಸುಳಿವೆ ಅಂತಲೇ ಬರೀಬೇಕು, ಅದು ವಾಡಿಕೆ
ಅಂದರು ವೆಂಕಟರವಣಪ್ಪ ಮೇಷ್ಟ್ರು.
ತಾವಾಗಿ ನುಸುಳಲಿಲ್ಲ, ಸಾರ್.
ನಾನೇ ಕೈಹಿಡಿದು ಕರಕೊಂಡು ಬಂದೆ.

ಶಿಡ್ಲಘಟ್ಟದ ಕೆರೆಕೋಡಿ ಮೊಹಲ್ಲಾ. ಬೆಳಗಿನ ಆರೂವರೆ.
ಮೋರಿಯ ಮೇಲೆ ಹಬೆ. ಬೆಂದ ಹುಳದ ವಾಸನೆಗೆ
ಕರ್ಚೀಫು ಮೂಗಿಗೊತ್ತಿ ನಿಂತವಳು ನಾನು;
ಪಕ್ಕದಲ್ಲಿ ಗಂಗುಲಪ್ಪ, ಕೊರಳಲ್ಲಿ ಕಾಲೇಜಿನ ಕ್ಯಾಮೆರಾ,
ಕಾರ್ಡಿನಲ್ಲಿ ಜಾಗ ಹನ್ನೆರಡೇ ಚಿತ್ರಕ್ಕೆ.
ಆರು ಪ್ರಶ್ನೆ ಅಂಗೈಯಲ್ಲಿ ಬರಕೊಂಡಿದ್ದೆ,
ಯಾರು ಏನು ಎಲ್ಲಿ ಯಾವಾಗ ಯಾಕೆ ಹೇಗೆ.
ಹಬೆಗೆ ಕೈ ಬೆವರಿ 'ಯಾಕೆ' ಮೊದಲು ಅಳಿಸಿತು.

ಕುದಿನೀರಲ್ಲಿ ತೇಲುವ ಗೂಡು,
ಗೂಡಿನ ಮೇಲೆ ತಡಕುವ ಬೆರಳು.
"ನಿಮ್ಮ ಕಷ್ಟ ಏನಮ್ಮ?" ಅಂದೆ.
ಜೈತೂನ್‌ಬಿ ತಲೆ ಎತ್ತಲಿಲ್ಲ.
"ಸದ್ಯಕ್ಕೆ, ನೀನು ಬೆಳಕಿಗೆ ಅಡ್ಡ ನಿಂತಿದೀಯ."

ಇಷ್ಟು ಸಿಕ್ಕಿತಲ್ಲ, ಓಡಿಹೋಗಿ ಬರೆದೆ.
ಮೈದಾ ಅಂಟು ಕಾಯಿಸಿ ನ್ಯಾಯಬೆಲೆ ಅಂಗಡಿಯ ಗೋಡೆಗೆ
ಗೋಡೆಪತ್ರಿಕೆ ಹಚ್ಚಿದೆವು.

ಏಳನೇ ಕ್ಲಾಸಿನ ರುಕ್ಸಾರ್ ಅಕ್ಷರಕ್ಕಕ್ಷರ ಓದಿ
ಅಲ್ಲೇ ಅಮ್ಮನ ಮಾತಿಗೆ ತಿರುವುತ್ತಾ ಬಂದವಳು
'ಬಡ ಮಹಿಳೆ' ಬಂದಲ್ಲಿ ನಿಂತಳು.
ಕೆಳಗೆ ನೋಡಿದಳು.
ಜೈತೂನ್‌ಬಿ ನನ್ನ ಮುಂದೆ ಎರಡೂ ಕೈ ಚಾಚಿದರು.
"ಎಣಿಸು."
ಹತ್ತು.
ನೆನೆಹಾಕಿದ ಅವರೆಕಾಳಿನ ಹಾಗೆ ಬಿಳಿಚಿ ಸುಕ್ಕಿದ ಹತ್ತು.
ತುದಿಯಲ್ಲಿ ಒಂದು ಗೆರೆಯಿಲ್ಲ.
"ಗೆರೆ ಬೇಕಿರೋದು ಅವನ ಮಿಷನ್ನಿಗೆ. ನೂಲಿಗೆ ಬೇಡ."

ಮಾರನೆಯ ದಿನ ನನ್ನನ್ನೇ ಕೂರಿಸಿದರು.
ಚುಚ್ಚಬೇಡ, ಗೂಡು ಸಡಿಲಾಗಲಿ, ತುದಿ ತಾನೇ ಮೇಲೆ ಬರುತ್ತೆ.
ಬಂತು. "ಎಳೆ" ಅಂದರು, ಎಳೆದೆ, ತುಂಡಾಯಿತು ಎಳೆ.
"ಇನ್ನೂ ಎಳೆ ಹುಡುಗಿ" ಅಂತ ಪಕ್ಕದವರಿಗೆ ಹೇಳಿ ನಕ್ಕರು.
ನಾಲ್ಕು ಸಲ.
ಐದನೆಯ ಸಲ ಸುಮ್ಮನೆ ಕಾದೆ.
ಆಗ, ನಾನು ಏನೂ ಕೇಳದೇ ಇರುವಾಗ,
ಅಕ್ಕಿಯ ಮಾತು ಬಂತು.
ಮಿಷನ್ನು ಕೆಂಪು ದೀಪ ತೋರಿಸುತ್ತಂತೆ,
ತಲೆಗೂದಲಿಗೆ ಉಜ್ಜಿ ಇಟ್ಟರೂ,
ನಿಂಬೆಹುಳಿ ಹಚ್ಚಿ ಇಟ್ಟರೂ.
ಆ ರಾತ್ರಿ ಹಾಸ್ಟೆಲ್ಲಿನಲ್ಲಿ ನನ್ನ ಫೋನು
ಬೊಬ್ಬೆಯೆದ್ದ ನನ್ನ ಹೆಬ್ಬೆರಳನ್ನು
ಯಾರೋ ಎಂದುಕೊಂಡಿತು.

ಆದ್ದರಿಂದ ಓದುಗರು ಹೀಗೆ ತಿದ್ದಿಕೊಳ್ಳಬೇಕಾಗಿ ಕೋರಿಕೆ.
'ಬಡ ಮಹಿಳೆ' ಎಂದಿರುವಲ್ಲಿ
ಇಪ್ಪತ್ತೆರಡು ವರ್ಷದಿಂದ ನೂಲು ಬಿಚ್ಚುವ ಜೈತೂನ್‌ಬಿ.
'ಕಣ್ಣೀರು ಒರೆಸಿಕೊಂಡರು' ಎಂದಿರುವಲ್ಲಿ, ಹಬೆ.
ಬಿಟ್ಟುಹೋಗಿದ್ದು: ಹದಿನೇಳು ಮನೆ,
ಮೂರು ತಿಂಗಳ ಅಕ್ಕಿ.
ಸುದ್ದಿ ಅದೇ ಆಗಿತ್ತು.

ಗೋಡೆಗೆ ಹಚ್ಚಿದ ಮೂರನೇ ದಿನ
ಮೈದಾ ರುಚಿ ಹತ್ತಿದ ಮೇಕೆಯೊಂದು
ತಿದ್ದುಪಡಿಯ ಅರ್ಧ ತಿಂದಿತ್ತು.
ಗಂಗುಲಪ್ಪ ಕೊನೆಯ ಚಿತ್ರವನ್ನು ಮೇಕೆಗೇ ಖರ್ಚು ಮಾಡಿದ.
ಉಳಿದರ್ಧ ರುಕ್ಸಾರ್ ಓದಿದಳು;
ಹರಿದಲ್ಲಿಂದ ಮುಂದಕ್ಕೆ
ಓದು ಬಾರದ ಜೈತೂನ್‌ಬಿ, ನೂಲಿನಿಂದ ಕಣ್ಣು ತೆಗೆಯದೆ,
ಒಂದಕ್ಷರ ಬಿಡದೆ ಒಪ್ಪಿಸಿದರು.
ಒಪ್ಪಿಸಿ, ತಡೆದು,
"ಇಪ್ಪತ್ತೆರಡಲ್ಲ, ಇಪ್ಪತ್ಮೂರು. ಇವಳು ಹೊಟ್ಟೇಲಿದ್ದ ವರ್ಷ
ಬಿಟ್ಟು ಲೆಕ್ಕ ಹೇಳಿದ್ದೆ. ಆ ವರ್ಷಾನೂ ಕೂತಿದ್ದೆ ಇಲ್ಲೇ."

ಅಂಗೈಯಲ್ಲಿ ಬರಕೊಂಡೆ.
ಮುಷ್ಟಿ ಮುಚ್ಚಿ, ಬೆಳಕಿಗೆ ಅಡ್ಡವಾಗದಂತೆ
ಬಾಗಿಲಿನ ಆಚೆ ಬದಿಗೆ ಸರಿದು ಕೂತೆ.