ಹನ್ನೆರಡನೆಯ ಪಿನ್ನು

ಶಾರ್ಜಾ ಖೋರಿನ ದಂಡೆ. ಲಾಂಚಿಗೆ ಟೈರು, ಈರುಳ್ಳಿ, ಫ್ರಿಜ್ಜು
ಒಂದರ ಮೇಲೊಂದು ಏರುತ್ತಲೇ ಇವೆ.
ಹಿಂದಿನ ಆಫೀಸಿನಲ್ಲಿ ಚೆರಿಯಬ್ಬ ಕಾಕನ
ಗಾಜಿನ ಹೊಟ್ಟೆಯ ಹಳೇ ಮಾನಿಟರು.
ಹೊಸ ಸಿಸ್ಟಮ್ ಹಾಕಿ ಬಾ ಎಂದು ಅಂಗಡಿಯಿಂದ ಕಳಿಸಿದ್ದರು.

ಈಗಿನದೆಲ್ಲ ಸಲೀಸು. ವಯರು ಸಿಕ್ಕಿಸಿದರೆ ಸಾಕು,
ಯಂತ್ರವೇ ಕೇಳುತ್ತದೆ: ಯಾರು ನೀನು, ಯಾವ ಊರು,
ಎಷ್ಟು ಅಗಲ, ಸೆಕೆಂಡಿಗೆ ಎಷ್ಟು ಸಲ ರೆಪ್ಪೆ ಬಡಿಯುತ್ತಿ?
ಪರದೆ ತನ್ನ ಜಾತಕ ತಾನೇ ಒಪ್ಪಿಸುತ್ತದೆ.
ನಮ್ಮದೇನಿದ್ದರೂ ಪಕ್ಕದಲ್ಲಿ ನಿಂತು ಸುಲೈಮಾನಿ ಕುಡಿಯುವುದು.

ಇದು ಒಪ್ಪಿಸಲಿಲ್ಲ.
ವಯರು ಕಿತ್ತು ಟಾರ್ಚು ಬಿಟ್ಟರೆ
ಹನ್ನೆರಡನೆಯ ಪಿನ್ನು ಮುರಿದಿದೆ.
ಉತ್ತರ ಬರುವ ದಾರಿಯೇ ಅದು.
ಹೇಳುವವನು ಹೇಳಿದ್ದಾನೆ, ಕೇಳುವವನಿಗೆ ಮುಟ್ಟಿಲ್ಲ.
ಉತ್ತರ ಬಾರದವರಿಗೆಂದೇ ಒಂದು ಅಳತೆ ಇದೆ,
ಎಂಟುನೂರಕ್ಕೆ ಆರುನೂರು:
ಯಾರ ಮೈಗೂ ಹೊಲಿಯದ ಅಂಗಿ.
ಪರದೆ ತುಂಬ ಐಕಾನುಗಳು, ಗಾಡಿಯಿಂದ ಇಳಿಸಿದ ಕುಂಬಳಕಾಯಿ ಹಾಗೆ.

ನನಗೆ ಹಠ.
ರಾತ್ರಿ ಅಲ್ಲೇ ಕೂತೆ. ಮಾನಿಟರಿನ ಬೆನ್ನು ತಿರುಗಿಸಿ
ಧೂಳೊರೆಸಿ, ಅರ್ಧ ಹರಿದ ಚೀಟಿಯ ಅಂಕಿ ಓದಿದೆ.
ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು, ಒಂದು ಗೆರೆ ಮುಗಿದ ಮೇಲೆ
ಎಷ್ಟು ಹೊತ್ತು ಉಸಿರು ಬಿಡಬೇಕು,
ಎಲ್ಲ ಸೇರಿ ಕೈಯಾರೆ ಬರೆದ ಒಂದೇ ಸಾಲು.
ಒಂದಂಕಿ ತಪ್ಪಿದರೆ ಕೊಳವೆ ಸಿಳ್ಳೆ ಹಾಕುತ್ತದೆ;
ಇನ್ನೊಂದು ತಪ್ಪಿದರೆ ಸುಟ್ಟ ವಾಸನೆ.
ಎರಡು ಸಲ ಸಿಳ್ಳೆ. ಒಮ್ಮೆ ಇಡೀ ಚಿತ್ರ
ನೀರಲ್ಲಿ ಜಾಲಿಸಿದ ಲುಂಗಿಯಂತೆ ಬಳುಕಿತು.
ಸುಬಹಿನ ಬಾಂಗಿಗೆ ಸರಿಯಾಗಿ ನಿಂತಿತು,
ಕೂದಲೆಳೆಯಂಥ ಅಕ್ಷರ, ಎಲ್ಲೂ ಮಸುಕಿಲ್ಲ.
ನೋಡಲು ನಾನೊಬ್ಬನೇ.

ಕಾಕ ಬಂದರು. ಕನ್ನಡಕ ಏರಿಸಿದರು, ಇಳಿಸಿದರು,
ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು.
"ಎಂತ ಮಾರಾಯ, ಇರುವೆ ಬಿಟ್ಟಿದ್ದೀಯ ಇದರೊಳಗೆ?
ನಿನ್ನೆ ಸಂಜೆ ಇತ್ತಲ್ಲ ದೊಡ್ಡ ದೊಡ್ಡದು, ಅದೇ ಇರಲಿ.
ಬಂದರ್ ಅಬ್ಬಾಸಿನ ಬಿಲ್ಲು ಕಾಣಬೇಕು ನನಗೆ."

ಯಂತ್ರ ಪರದೆಯನ್ನು ಕೇಳಿತ್ತು. ನಾನು ಚೀಟಿಯನ್ನು.

ಬರೆದ ಸಾಲು ಅಳಿಸಲು ಮನಸ್ಸು ಬರಲಿಲ್ಲ.
ಅದರ ತಲೆಗೊಂದು ಗುರುತು ಹಾಕಿದೆ.
ಆ ಗುರುತಿದ್ದರೆ ಯಂತ್ರ ಹಾರಿ ಮುಂದೆ ಹೋಗುತ್ತದೆ,
ಮನುಷ್ಯ ಓದಬಹುದು.
ಕೆಳಗೆ, ಮುಂದೆಂದಾದರೂ ಬರುವ ಹುಡುಗನಿಗೆ, ಬರೆದಿಟ್ಟೆ:
ಈ ಪರದೆ ಇದಕ್ಕಿಂತ ಚೆನ್ನಾಗಿ ಕಾಣಿಸಬಲ್ಲದು.
ವಯರು ಬದಲಿಸಬೇಡ.