ಸರಿಯೋ ಬೆಸವೋ

ಮಹಾನವಮಿ ಕಳೆದು ಮೆಕ್ಕೆಜೋಳ ಅಂಗಳಕ್ಕೆ ಬಿತ್ತೆಂದರೆ
ನನ್ನ ಮೂಗಿಗೂ ಸುಗ್ಗಿ.
ದಾವಣಗೆರೆಯ ಮಾರುಕಟ್ಟೆ ಯಾರ್ಡಿನಲ್ಲಿ
ಹರಾಜಿನ ಚೀಟಿ ಬರೆಯುವ ಗುಮಾಸ್ತ ನಾನು.
ರಾಶಿಗೆ ಸಲಿಕೆ ಹಾಕಿದರೆ ಸಾಕು, ಹೊಟ್ಟಿನ ಧೂಳೆದ್ದು
ಕಣ್ಣಂಚಿನಲ್ಲಿ ಇರುವೆ, ಅಂಗುಳಲ್ಲಿ ಗರಗಸ,
ಆಮೇಲೆ ಅದು.

ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ.
ನನ್ನದು ಎಲ್ಲಿ ನಿಲ್ಲುತ್ತದೆಂದು
ಶಾಸ್ತ್ರಕ್ಕೂ ಗೊತ್ತಿಲ್ಲ.
ಎತ್ತಿದ ಕೈ ಎತ್ತಿದಂತೆ ಕಾಯುತ್ತಾರೆ ಖರೀದಿದಾರರು:
ಒಂಬತ್ತು... ಹತ್ತು...
‘ಸರಿ ಆತು, ಬರ್ಕೊಳ್ರಿ’ ಅನ್ನುವಷ್ಟರಲ್ಲಿ
ಹನ್ನೊಂದು.
ಕ್ವಿಂಟಲಿಗೆ ಹತ್ತು ರೂಪಾಯಿ ಬಿತ್ತು ಒಮ್ಮೆ, ನನ್ನ ಮೂಗಿನಿಂದ.
ಗೋಣಿಚೀಲದ ಮೇಲೆ ಕೂತಿದ್ದ ಹೆಂಗಸೊಬ್ಬಳು
ನನ್ನನ್ನೇ ನೋಡಿದಳು. ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಮಾಡದ ಮದ್ದಿಲ್ಲ.
ಅತ್ತೆ ಗುರುಸಿದ್ದಮ್ಮ ಅರಿಸಿನದ ಕೊಂಬು ಸುಟ್ಟು ಹೊಗೆ ಕೊಟ್ಟರು.
ಹಮಾಲಿ ದಾದಾಪೀರ ಈರುಳ್ಳಿ ಜಜ್ಜಿ ಮೂಸಿಸಿದ.
ಸಕ್ಕರೆ ಗುಳಿಗೆಯ ಡಾಕ್ಟರು ಕನಸುಗಳ ಬಗ್ಗೆ ಕೇಳಿದರು.
ಕನಸಿನಲ್ಲೂ ಸೀನುತ್ತೇನೆ ಅಂದೆ. ಬರೆದುಕೊಂಡರು.
ಹಳದಿ ಮಾತ್ರೆಯೊಂದು ಸೀನನ್ನೂ ನಿಲ್ಲಿಸಿತು,
ನನ್ನನ್ನೂ:
ಚೀಟಿಯ ಮೇಲೆ ತಲೆಯಿಟ್ಟು ನಿದ್ದೆಹೋಗಿ
ಎದ್ದಾಗ ಕೆನ್ನೆಯ ಮೇಲೆ ತಿರುವುಮುರುವಾಗಿ
ಯಾರದೋ ನಲವತ್ತೆರಡು ಚೀಲದ ಲೆಕ್ಕ.

ಮನೆಯಲ್ಲಿ ಮಾತ್ರ ಈ ಮೂಗಿಗೆ ಮರ್ಯಾದೆ.
ಮಗಳು ನೀಲಾಂಬಿಕೆ ಎಣಿಕೆ ಕಲಿತದ್ದೇ ಇದರಿಂದ.
ಅಂಗನವಾಡಿಯ ಮಿಕ್ಕ ಮಕ್ಕಳು ಐದಕ್ಕೆ ಸುಸ್ತಾದರೆ
ಇವಳು ಹದಿನೇಳರವರೆಗೆ, ತಡವರಿಸದೆ,
ಒಂದೊಂದು ಅಂಕೆಗೂ ತಲೆ ಕೊಡವುತ್ತಾ.
ಯಾರು ಕಲಿಸಿದ್ದು ಪುಟ್ಟಿ?
‘ಅಪ್ಪನ ಮೂಗು.’

ಕೊನೆಗೆ ಕಿವಿ-ಮೂಗಿನ ಡಾಕ್ಟರಮ್ಮ ಕೇಳಿದ್ದು ಇಷ್ಟೇ:
ಮಲಗುವ ಕೋಣೆಯ ಕಿಟಕಿಯಾಚೆ ಏನಿದೆ?
ಖಾಲಿ ಸೈಟು.
ಸೈಟಿನಲ್ಲಿ?
ಏನಿಲ್ಲ.
ಮನೆಗೆ ಬಂದು ನೋಡಿದೆ.
ಏನಿಲ್ಲ ಎದೆಯೆತ್ತರ ಬೆಳೆದು
ಬಿಳಿ ಹೂ ಬಿಟ್ಟು ನಿಂತಿತ್ತು, ತಂಗಾಳಿಗೆ ತೂಗುತ್ತಾ.
ಕಾಂಗ್ರೆಸ್ ಗಿಡ.
ಆರು ವರ್ಷ ಅದರ ಮಗ್ಗುಲಲ್ಲೇ ಮಲಗಿದ್ದೆ.

ಮಳೆ ಹನಿದ ಮಾರನೆಯ ದಿನ, ನೆಲ ಮೆತ್ತಗಿರುವಾಗ,
ಕೈಗವಸು ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ
ವನಜಾಕ್ಷಿಯೂ ದಾದಾಪೀರನೂ ಬೇರುಸಹಿತ ಕಿತ್ತರು.
ಮುಚ್ಚಿದ ಗಾಜಿನ ಹಿಂದೆ ನಾನು,
ಗೋಷಾದ ರಾಣಿ.
ಕಾಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆ,
ಬೆಳಗ್ಗೆ ಸ್ಪ್ರೇ, ರಾತ್ರಿ ಸ್ಪ್ರೇ.
‘ಎರಡು ದಿನ ಹೊಡೆದು ಬಿಸಾಡೋರು ನೀವು’ ಅಂದಿದ್ದರು ಡಾಕ್ಟರಮ್ಮ,
‘ಹಲ್ಲುಜ್ಜಿದ ಹಾಗೆ, ದಿನಾ.’
ಹಿಂದೆ ಬಿಸಾಡಿದ್ದು ಅವರಿಗೆ ಹೇಗೆ ಗೊತ್ತಾಯಿತೋ.

ಒಂಬತ್ತು ದಿನ ಏನೂ ಇಲ್ಲ.
ಹನ್ನೆರಡನೆಯ ಬೆಳಗು, ಭಟ್ಟಿಗಳ ಕಡೆಯಿಂದ
ಬಿಸಿಮರಳಲ್ಲಿ ಅರಳುವ ಮಂಡಕ್ಕಿಯ ವಾಸನೆ
ಬಂತು. ಬಂತು ಅಂದರೆ ತಾನಾಗಿಯೇ, ನಡೆದುಕೊಂಡು,
ಎರಡೂ ಬಾಗಿಲಿನಿಂದ.
ಅದರ ಹಿಂದೆ ಗಟಾರ.
ಗಟಾರದ ಹಿಂದೆ ವನಜಾಕ್ಷಿಯ ತಲೆಯ ಮೆಂತ್ಯದೆಣ್ಣೆ.
ಆಮೇಲೆ ನನ್ನದೇ ಅಂಗಿ, ಮೂರು ದಿನದ್ದು.
ಇಷ್ಟು ವರ್ಷ ಸುಮ್ಮನಿದ್ದಳಲ್ಲ, ಮಹಾತಾಯಿ!

ಯಾರ್ಡಿನಲ್ಲಿ ಮುಖಗವಸು ಕಟ್ಟಿ ಚೀಟಿ ಬರೆದೆ.
ರಾಶಿಯೆದುರು ಎಲ್ಲರೂ ನನ್ನ ಕಡೆ ನೋಡಿ,
ಕಾದು,
‘ಏನ್ರೀ ಗುಮಾಸ್ತರೇ, ಶಕುನಾನೇ ಇಲ್ದಂಗೆ ಆತಲ್ಲ’ ಅಂದರು.
ಧಾರಣೆ ತನ್ನ ಪಾಡಿಗೆ ಏರಿತು, ತನ್ನ ಪಾಡಿಗೆ ಇಳಿಯಿತು.

ರಾತ್ರಿ ಕೌದಿ ಕೊಡವುವಾಗ ಒಂದೇ ಒಂದು ಬಂತು. ಅಕ್ಷೀ.
‘ಒಂದು’ ಅಂದಳು ನೀಲಿ, ನಿದ್ದೆಗಣ್ಣಲ್ಲೇ ಬೆರಳೆತ್ತಿ.
ಬೆರಳು ಹಾಗೇ ನಿಂತಿತು.
ನಾನೂ ಕಾದೆ, ಬಾಯಿ ತೆರೆದು.
ಬರಲಿಲ್ಲ.
ಎರಡನೆಯ ಬೆರಳನ್ನು ಸ್ವಲ್ಪ ಬಿಚ್ಚಿ, ಮಡಚಿ,
ನನ್ನ ಮುಖ ನೋಡಿ,
ತಾನೇ ಒಂದು ಸುಳ್ಳು ಸೀನು ಸೀನಿ
‘ಎರಡು’ ಅಂದಳು.